ಕ್ಯಾರಿಯರ್ ಇದ್ದ ಒಂದೇ ಸೈಕಲ್

ಆಯುಧಪೂಜೆಯಂದು ಚೆನ್ನೈಯ ಮೈಲಾಪೂರಿನ ನಮ್ಮ ಮನೆಯ ಮುಂದೆ ಸೈಕಲ್ಲುಗಳು ಸಾಲಾಗಿ ನಿಂತು ವಿಭೂತಿ ಹಚ್ಚಿಸಿಕೊಳ್ಳುತ್ತವೆ. ಮರುದಿನ ವಿಜಯದಶಮಿ, ಅಂದು ಬೆಳಿಗ್ಗೆ ನಮ್ಮ ಬಳಗ ಅವುಗಳನ್ನೇರಿ ಊರಾಚೆಯ ಕೆರೆಯೊಂದಕ್ಕೆ ಹೋಗುತ್ತದೆ. ಧಾರವಾಡದ ಕಡೆಯಿಂದ ಬಂದು ಇಲ್ಲಿ ಅಂಗಡಿ, ಆಫೀಸು ಎಂದು ಬೇರೂರಿದ ಮೂರು ಮನೆಗಳವರ ಸವಾರಿ ಅದು. ನಾನು ಕಂಡಂದಿನಿಂದ ಅದರ ಏರ್ಪಾಡು ಒಂದೇ: ಗಂಡಸರು, ನಾನೂ ಸೇರಿ, ಸೈಕಲ್ಲಿನ ಮೇಲೆ; ಹೆಂಗಸರು ಬುತ್ತಿಯ ಪಾತ್ರೆಗಳೊಡನೆ ವ್ಯಾನಿನಲ್ಲಿ. ಮನೆಯವರು ಇದನ್ನು ಸಂಪ್ರದಾಯ ಎನ್ನುತ್ತಿದ್ದರು. ಹುಡುಗರೂ ಹುಡುಗಿಯರೂ ಸರದಿಯಂತೆ ಪಾತ್ರೆ ತಿಕ್ಕುತ್ತಿದ್ದ ಶಾಲೆಯಲ್ಲಿ ಓದಿದ ನಾನು ಇದನ್ನು ಅನ್ಯಾಯ ಎನ್ನುತ್ತೇನೆ. ಹೆಸರಿಟ್ಟು ಕರೆಯದ ಅನ್ಯಾಯ ತಾನಾಗಿ ಹೊರಟುಹೋದದ್ದನ್ನು ನಾನು ಕಂಡಿಲ್ಲ.

ವ್ಯಾನಿನಲ್ಲಿ ಪಾತ್ರೆಗಳನ್ನು ಹಿಡಿದು ಕೂರುತ್ತಿದ್ದವಳು ನನ್ನ ಸೋದರತ್ತೆ. ಹತ್ತನೆಯ ತರಗತಿಯಲ್ಲಿ ಅವಳು ತಮ್ಮನಿಗಿಂತ, ಎಂದರೆ ನನ್ನ ಚಿಕ್ಕಪ್ಪನಿಗಿಂತ, ಹೆಚ್ಚು ಅಂಕ ಪಡೆದಿದ್ದಳು. ಅವನಿಗೆ ಸೈಕಲ್ ಸಿಕ್ಕಿತು. ಅವಳಿಗೆ, ಮುಂದೆ ಬೇಕಾಗುತ್ತದೆಂದು, ಸ್ಟೀಲಿನ ಪಾತ್ರೆಗಳು. ಐವತ್ತು ದಾಟಿದ ಮೇಲೆ ಅವಳು ಹಳೆಯ ಲೇಡೀಸ್ ಸೈಕಲ್ಲೊಂದನ್ನು ಕೊಂಡು, ಬೆಸೆಂಟ್ ನಗರದ ಕಡಲದಂಡೆಯ ರಸ್ತೆಯಲ್ಲಿ ಬಿದ್ದೆದ್ದು ಕಲಿತಳು.

ಹೋದ ವರ್ಷ ಪೂಜೆಯ ಮಂಗಳಾರತಿ ಮುಗಿದದ್ದೇ ಅವಳು ಹೇಳಿದಳು: "ನಾಳೆ ನಾ ಸೈಕಲ್ ಮ್ಯಾಲೆ ಬರಾಕಿ. ವ್ಯಾನ್ ಬ್ಯಾಡಂತ ಹೇಳಿಬಿಟ್ಟೀನಿ."

"ಮತ್ತ ಊಟ?" ಚಿಕ್ಕಪ್ಪ ಕೇಳಿದ್ದು ಅದೊಂದನ್ನೇ.

"ಯಾರ ಬುತ್ತಿ ಅವರ ಸೈಕಲ್ಲಿಗೆ."

"ನಮ್ಮ ಸೈಕಲ್ಲಿಗೆ ಕ್ಯಾರಿಯರ್ ಎಲ್ಲಿ ಅದ ಅಕ್ಕಾ? ಇರೋದು ನಿಂದೊಂದಕ್ಕ."

"ಬೆನ್ನು ಅದ ಇಲ್ಲೋ? ಚೀಲ ಹಾಕ್ಕೊ."

ಗಂಡಸರು ನಕ್ಕರು. ಚಿಕ್ಕಪ್ಪನ ಮಗಳು ತಮಿಳಿನ ಧಾಟಿಯಲ್ಲಿ "ಸೂಪರ್, ಅತ್ತೈ!" ಎಂದು ಕೂಗಿದಳು. ಚಿಕ್ಕಮ್ಮ ಇದೇ ಸಮಯವೆಂದು, "ಹಂಗಾದ್ರ ನಾಳೆ ನಾವು ಮನ್ಯಾಗ ಕಾಲು ಚಾಚಿ ಮಲಗ್ತೀವಿ" ಎಂದು ಸಾರಿಬಿಟ್ಟಳು.

ಬೆಳಿಗ್ಗೆ ಹೊರಡುವಾಗ ಅತ್ತೆಯ ಕ್ಯಾರಿಯರ್ ಮೇಲೆ ದೊಡ್ಡದೊಂದು ಗಂಟು ಕಟ್ಟಿತ್ತು. ಚಿಕ್ಕಪ್ಪ ಅದನ್ನು ನೋಡಿ ಗೆಳೆಯರಿಗೆ ಕಣ್ಣು ಹೊಡೆದ. "ನಮ್ಮಕ್ಕ ಬಾಯಿಲೆ ಅಂತಾಳ ಖರೆ, ನಮ್ಮನ್ನ ಉಪವಾಸ ಕೆಡವಂಗಿಲ್ಲ." ಅತ್ತೆ ಉತ್ತರವಾಗಿ ಬೆಲ್ ಬಾರಿಸಿದಳು, ಅಷ್ಟೇ.

ಪಂಚಾಂಗದಲ್ಲಿ ಅದು ಶರದೃತು. ಚೆನ್ನೈಯಲ್ಲಿ ಅದರ ಅರ್ಥ, ಮಳೆ ಇನ್ನೂ ಬಿದ್ದಿಲ್ಲ, ಬೆವರು ನಿಂತಿಲ್ಲ. ಸೈಕಲ್ಲುಗಳಿಗೆಂದು ಬಣ್ಣ ಬಳಿದ ಪಟ್ಟಿಯ ಮೇಲೆ ಉದ್ದಕ್ಕೂ ಕಾರುಗಳು ನಿಂತಿದ್ದವು. ಕಾಲುವೆ ದಾಟಿ ಗದ್ದೆಗಳ ನಡುವೆ ತಿರುಗಿದ ಮೇಲೆ ಗಾಳಿಯ ತುಂಬ ಏರೋಪ್ಲೇನ್ ಚಿಟ್ಟೆಗಳು. ಅವುಗಳ ಕೆಳಗೆ, ನೀರು ನಿಲ್ಲಬೇಕಾದ ತಗ್ಗಿನಲ್ಲಿ, ಒಡೆದ ಕಟ್ಟಡಗಳ ಕಲ್ಲುಮಣ್ಣನ್ನು ಸುರಿದು ನೆಟ್ಟ ಸೈಟುಗಳ ಕಲ್ಲು. ಕೆರೆಯನ್ನು ಕೊಂದು ಅದರ ಹೆಸರಿನಲ್ಲೇ ಬಡಾವಣೆ ಕಟ್ಟುವವರ ಕುರಿತು ನಾನು ಗಟ್ಟಿಯಾಗಿಯೇ ಮಾತಾಡುತ್ತಿದ್ದೆ.

"ಬೈಯೋದು ಬೈ," ಎಂದಳು ಅತ್ತೆ ಏದುಸಿರಿನಲ್ಲಿ, "ಆದ್ರ ಪೆಡಲ್ ತುಳಕೋತ ಬೈ."

ಕೆರೆಯ ಏರಿಯ ಮೇಲೆ ಎದುರುಗಾಳಿ. ಅತ್ತೆ ಹಿಂದುಳಿದಳು, ಸೀರೆಯ ನೆರಿಗೆ ಬೆವರಿಗೆ ಒದ್ದೆಯಾಗಿ ಕಾಲಿಗೆ ಅಂಟಿತ್ತು. ಚಿಕ್ಕಪ್ಪ ನಿಂತು ಕಾದ. ಅವನ ದನಿಯಲ್ಲಿ ಕಾಳಜಿಯೂ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. "ಅಕ್ಕಾ, ಆಟೋ ಕರೀಲೇನು?"

"ನಿನಗ ಸಾಕಾಗಿದ್ರ ನೀ ಹತ್ತು."

ಏರಿಯ ಕೊನೆಯ ಬೇವಿನ ಮರದವರೆಗೂ ಅವಳು ಇಳಿಯಲಿಲ್ಲ.

ಅಲ್ಲಿ ಗಂಡಸರು ಕೈ ತೊಳೆದುಕೊಂಡು ಗಂಟಿನ ಸುತ್ತ ಸೇರಿದರು. ಅತ್ತೆ ಹಗ್ಗ ಬಿಚ್ಚಿದಳು. ಒಳಗಿದ್ದದ್ದು ಜಮಖಾನೆ, ಮಳೆಗೆಂದು ತಂದ ರೇನ್‌ಕೋಟು, ಒಂದು ಡಬ್ಬಿ.

"ಉಳಿದಿದ್ದು?" ಎಂದ ಚಿಕ್ಕಪ್ಪ.

"ಉಳಿದಿದ್ದು ನಿಮ್ಮ ನಿಮ್ಮ ಚೀಲದಾಗ."

ಅವರ ಚೀಲಗಳಲ್ಲಿದ್ದದ್ದು ಗಾಳಿ ಹೊಡೆಯುವ ಪಂಪು ಮತ್ತು ನೀರು. ಹಸಿದವರ ಮುಂದೆ ಒಬ್ಬರೇ ಉಣ್ಣಬಾರದೆಂದೂ ಅದೇ ಶಾಲೆ ನನಗೆ ಕಲಿಸಿತ್ತು. ನನ್ನ ಕೈ ನಾನು ಬೆನ್ನಚೀಲದಲ್ಲಿ ಹೊತ್ತು ತಂದಿದ್ದ ಡಬ್ಬಿಯತ್ತ ಹೋಯಿತು. ಅತ್ತೆ ಅದರ ಮುಚ್ಚಳದ ಮೇಲೆ ತನ್ನ ಕೈಯಿಟ್ಟಳು.

"ಇವತ್ತ ಕೊಟ್ಟಿ ಅಂದ್ರ, ಬರೋ ವರ್ಷ ನಾ ಮತ್ತ ವ್ಯಾನಿನ್ಯಾಗ."

ಅವಳು ಜಮಖಾನೆಯ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತು ಮೊಸರುಬುತ್ತಿ ಉಣ್ಣತೊಡಗಿದಳು. ಬಡಿಸದೆ, ಯಾರಿಗೇನು ಬೇಕೆಂದು ಕೇಳದೆ, ಎಲ್ಲರಿಗಿಂತ ಮೊದಲು ಅವಳು ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ಪಕ್ಕದಲ್ಲಿ ಕುಳಿತು ಉಂಡೆ. ಗಂಡಸರ ಕಡೆ ನೋಡದೆ ಉಂಡೆ.

ಗಂಡಸರು ಕೆರೆಯ ಪಕ್ಕದ ಹಳ್ಳಿಯ ಟೀ ಅಂಗಡಿಗೆ ಹೋಗಿ ಬನ್ನು ಕಟ್ಟಿಸಿಕೊಂಡು ಬಂದರು. ಚಿಕ್ಕಪ್ಪ ಜಮಖಾನೆಯ ಅಂಚಿನಲ್ಲಿ ಕುಳಿತು, ಒಣ ಬನ್ನನ್ನು ಮುರಿಯುತ್ತ, ಅಕ್ಕನ ಡಬ್ಬಿಯನ್ನು ಇಣುಕಿದ.

"ಉಪ್ಪಿನಕಾಯಿಯಾದ್ರೂ ಒಂಚೂರು?"

ಅತ್ತೆ ಬೆರಳಿಗಂಟಿದ ಕೊನೆಯ ರಸವನ್ನು ನೆಕ್ಕಿ ಮುಚ್ಚಳ ಹಾಕಿದಳು.

"ಮುಗೀತು. ಬರೋ ವರ್ಷ ನೀನೂ ತಗೊಂಬಾ."