ಭಾವನವರ ಅರಿಶಿನದ ಗುಳಿಗೆ

ಬೆಳಿಗ್ಗೆ ನನ್ನ ಗಂಡನ ಕೈಯಿಂದ ಚಹಾದ ಕಪ್ಪು ಜಾರಿ ಒಡೆಯಿತು. ಬೈಯಬೇಕೆಂದು ತಿರುಗಿದೆ. ಅವರ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

ಸ್ಟ್ರೋಕ್.

ಬೀದರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ ನಿಧಾನವಾಗಿ ಹಿಡಿತಕ್ಕೆ ಬಂತು. ಮಾತು ಬರಲಿಲ್ಲ. ಶಾಲೆಯಲ್ಲಿ ಗಣಿತ ಕಲಿಸಿ, ಭಾನುವಾರ ಚರ್ಚಿನಲ್ಲಿ ಮೈಕಿಲ್ಲದೆ ಬೈಬಲ್ ಓದುತ್ತಿದ್ದ ಮನುಷ್ಯ ಈಗ ನೀರಿಗೂ ಕೈ ತೋರಿಸಬೇಕು. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ಕೂತಿದೆ ಎಂದರು ಡಾಕ್ಟರು. ರಕ್ತ ತೆಳುವಾಗಲು ಗುಳಿಗೆ, ರಕ್ತ ಎಷ್ಟು ತೆಳುವಾಗಿದೆ ಎಂದು ನೋಡಲು ಆಗಾಗ ಐಎನ್‌ಆರ್ ಟೆಸ್ಟ್, ಮಾತಿಗೆ ಸ್ಪೀಚ್ ಥೆರಪಿ. ರಕ್ತ ತೀರಾ ತೆಳುವಾದರೆ ಮಿದುಳಿನಲ್ಲೇ ಸೋರಬಹುದು, ಕೇಳದೆ ಬೇರೇನೂ ಕೊಡಬೇಡಿ ಎಂದು ಎಚ್ಚರಿಸಿದರು.

ಚಿದ್ರಿಯ ನಮ್ಮ ಮನೆಗೆ ಮರಳಿದ್ದೇ ತಡ, ಪಂಡಿತರ ಮೆರವಣಿಗೆ ಶುರುವಾಯಿತು. ರೋಗಿಯನ್ನು ನೋಡಲು ಬರಿಗೈಯಲ್ಲಿ ಬರಬಾರದಲ್ಲ! ಮೊದಲೆಲ್ಲ ಮೋಸಂಬಿ, ಬ್ರೆಡ್ ತರುತ್ತಿದ್ದರು. ಈಗ ಆ್ಯಂಟಿಆಕ್ಸಿಡೆಂಟ್ ತರುತ್ತಾರೆ. ಔರಾದಿನ ಚಿಕ್ಕಮ್ಮ ನೆಲ್ಲಿಕಾಯಿ ಪುಡಿ ತಂದಳು. ಪಕ್ಕದ ಮನೆಯಾಕೆ ಗ್ರೀನ್ ಟೀ ತಂದು, ಸತ್ತ ನರ ಚಿಗುರುತ್ತವೆ ಎಂದಳು. ಚಿಗುರಲು ಇವರ ತಲೆಯೇನು ಮೆಂತ್ಯದ ಮಡಿಯೇ? ನಗುನಗುತ್ತ ತೆಗೆದುಕೊಂಡು ಎಲ್ಲವನ್ನೂ ಅಟ್ಟಕ್ಕೆ ಹಾಕಿದೆ.

ಗಂಡನ ಅಣ್ಣ, ಭಾಲ್ಕಿಯ ಭಾವನವರು, ಅಟ್ಟಕ್ಕೆ ಹಾಕುವ ಮಾಲಲ್ಲ. ಯಾವುದೋ ಆರೋಗ್ಯ ಸೆಮಿನಾರಿನಲ್ಲಿ ಪುಕ್ಕಟೆ ಊಟ ಮಾಡಿ ಬಂದಾಗಿನಿಂದ ಅವರು ಸ್ವಯಂಘೋಷಿತ ನ್ಯೂರಾಲಜಿಸ್ಟ್. ಮಿದುಳಿನ ಕೋಶಗಳಿಗೆ ತುಕ್ಕು ಹಿಡಿಯುತ್ತದಂತೆ, ಅರಿಶಿನದ ಸಾರದ ಕ್ಯಾಪ್ಸೂಲು ಅದನ್ನು ಕೆರೆದು ತೆಗೆಯುತ್ತದಂತೆ. ಡಬ್ಬಿಯನ್ನು ವಾಪಸ್ ಕೊಟ್ಟೆ. ನಾನು ಚಹಾ ಮಾಡಲು ಒಳಗೆ ಹೋದಾಗ ಅದು ತಮ್ಮನ ಅಂಗಿಯ ಕಿಸೆ ಸೇರಿತು.

ಆ ಮನೆಯಲ್ಲಿ ಅಣ್ಣ ಕೈಯಾರೆ ಕೊಟ್ಟದ್ದನ್ನು ತಮ್ಮಂದಿರು ಬೇಡ ಎನ್ನುವುದಿಲ್ಲ. ತಂದೆ ಬೇಗ ತೀರಿಕೊಂಡು, ಅಣ್ಣನೇ ಸಾಕಿದ ಮನೆ ಅದು. ಇವರು ನನಗೆ ಕಾಣದ ಹಾಗೆ ದಿನವೂ ನುಂಗಿದರು.

ಒಂದು ಬೆಳಿಗ್ಗೆ ಇವರು ಹಲ್ಲುಜ್ಜುವಾಗ ಬೇಸಿನ್ ತುಂಬ ರಕ್ತ.

ಐಎನ್‌ಆರ್ ಮಿತಿ ಮೀರಿತ್ತು. ಏನು ಕೊಟ್ಟಿರಿ ಎಂದು ಡಾಕ್ಟರು ನನ್ನನ್ನೇ ಗದರಿದರು. ಇವರು ತಲೆ ತಗ್ಗಿಸಿ, ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

"ಅರಿಶಿಣ ಸಾರಿಗಿ ಹಾಕ್ರಿ, ಯಾರು ಬ್ಯಾಡಂತಾರ? ಹಿಂಗ ಗಟ್ಟಿ ಮಾಡಿ ರಕ್ತ ತೆಳು ಮಾಡೋ ಗುಳಿಗಿ ಜೋಡಿ ನುಂಗಿದ್ರ ರಕ್ತ ನಿಲ್ಲಂಗಿಲ್ರಿ," ಎಂದರು ಡಾಕ್ಟರು.

ಇದರಿಂದ ಮಿದುಳಿಗೆ ನಿಜವಾಗಿಯೂ ಲಾಭವಿದೆಯೇ ಎಂದು ಕೇಳಿದೆ. ಲ್ಯಾಬಿನ ತಟ್ಟೆಯಲ್ಲಿಟ್ಟ ಕೋಶಗಳಿಗೆ ಆದೀತು, ಮನುಷ್ಯರಲ್ಲಿ ಇನ್ನೂ ಸಾಬೀತಾಗಿಲ್ಲ ಎಂದರು. ಪಾಪ, ಅವರು ಬರೀ ಡಾಕ್ಟರು. ಭಾವನವರಷ್ಟು ಓದಿಲ್ಲ.

ಸ್ಕ್ಯಾನಿನಲ್ಲಿ ಮಿದುಳಿನೊಳಗೆ ರಕ್ತಸ್ರಾವ ಕಾಣಲಿಲ್ಲ. ದೇವರು ದೊಡ್ಡವನು. ಮನೆಗೆ ಬಂದು ಮತ್ತೆ ಕನ್ನಡಿಯ ಮುಂದೆ ಆ, ಈ, ಪ, ಬ ಎಂದು ಥೆರಪಿ ಶುರು ಮಾಡಿದೆವು. ಇವರು ಬೆವರುತ್ತಿದ್ದರು. ನಾನು ಅತ್ತಿತ್ತ ನೋಡಿ ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಭಾವನವರು ಮತ್ತೆ ಬಂದರು. ತಪ್ಪು ಅರಿಶಿನದ್ದಲ್ಲ, ಕಂಪನಿಯದಂತೆ. ಈ ಸಲ ದ್ರಾಕ್ಷಿಬೀಜದ ಕ್ಯಾಪ್ಸೂಲು. ನನ್ನೆದುರೇ ಒಂದನ್ನು ಅಂಗೈಯಲ್ಲಿಟ್ಟು ತಮ್ಮನ ಮುಂದೆ ಚಾಚಿದರು. ಬಾಯಿಗೆ ಬಂದ ಹಾಗೆ ಬೈಯಲು ನಾನು ಎದ್ದು ನಿಂತೆ.

ಇವರು ಅಣ್ಣನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿದರು. ಕನ್ನಡಿಯ ಮುಂದೆ ಮಾಡುವ ಹಾಗೆ ತುಟಿ ಕೂಡಿಸಿದರು.

"ಬ್ಯಾಡ... ಅಣ್ಣಾ."

ಸ್ಟ್ರೋಕ್ ಆದ ಮೇಲೆ ನಾನು ಕೇಳಿದ ಮೊದಲ ಮಾತು. ಅಣ್ಣನಿಗೆ ಅವರು ಹುಟ್ಟಿದಾಗಿನಿಂದ ಹೇಳಿದ ಮೊದಲ 'ಬೇಡ' ಕೂಡ ಅದೇ. ನಾನು ಕುಸಿದು ಕೂತು ಅತ್ತೆ.

ತಮ್ಮನಿಗೆ ಮಾತು ಬಂದದ್ದು ತಮ್ಮ ಅರಿಶಿನದ ಗುಳಿಗೆಯಿಂದಲೇ ಎಂದು ಭಾವನವರು ಈಗ ಭಾಲ್ಕಿ ತುಂಬ ಸಾರುತ್ತಿದ್ದಾರೆ. ಸಾರಲಿ. ಇಲ್ಲಿ ಇವರು ದಿನಕ್ಕೊಂದು ಹೊಸ ಮಾತು ಆಡುತ್ತಿದ್ದಾರೆ, ನನಗೆ ಅದನ್ನು ಕೇಳುವುದಕ್ಕೇ ಪುರುಸೊತ್ತಿಲ್ಲ.