ಮರಳು ಇಳಿಯುವವರೆಗೆ

2006ರ ಫೆಬ್ರುವರಿಯಲ್ಲಿ ಅಮ್ಮ ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ವಯಸ್ಕರ ಕಾಲೇಜಿನಿಂದ ಒಂದು ನಿಮಿಷದ ಮರಳು ಗಡಿಯಾರವನ್ನು ಎರವಲು ತಂದಳು. ಮರದ ಚೌಕಟ್ಟು, ನೀಲಿ ಮರಳು. ಕಿವಿಗೆ ಹಿಡಿದರೆ ಪಕ್ಕದ ಕೋಣೆಯಲ್ಲಿ ಯಾರೋ ರವೆ ಜರಡಿ ಹಿಡಿದಂಥ ಸದ್ದು. ಇಂಥದೊಂದು ಸದ್ದು ನಿಮಗೂ ಇರಬಹುದು. ಈಗಲೂ ರವೆ ಜರಡಿ ಹಿಡಿಯುವಾಗ ನನಗೆ ಮೂರನೇ ಮಹಡಿಯ ಆ ಅಡುಗೆಮನೆ ನೆನಪಾಗುತ್ತದೆ: ಕಿಟಕಿಯಾಚೆ ಹಿಮ, ಒಲೆಯ ಮೇಲೆ ಕುದಿಯುವ ಸಾರು, ಮೇಜಿನ ಈಚೆ ವಿದ್ಯಾರ್ಥಿಗಳಾಗಿ ಕೂತ ಅಪ್ಪ ಮತ್ತು ನಾನು.

ಅಮ್ಮ ದಾವಣಗೆರೆಯಲ್ಲಿ ಎಂಟು ವರ್ಷ ಗಣಿತ ಕಲಿಸಿದವಳು. ಅಪ್ಪನ ಕೆಲಸಕ್ಕಾಗಿ ಇಲ್ಲಿಗೆ ಬಂದ ಮೇಲೆ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ಮತ್ತೆ ಟೀಚರ್ ಆಗಬೇಕೆಂದು ಕಾಲೇಜು ಸೇರಿದಳು. ಅಲ್ಲಿ ಸ್ವೀಡಿಷ್ ಜೊತೆಗೆ ಇಲ್ಲಿನ ತರಗತಿಯ ರೀತಿಯನ್ನೂ ಹೇಳಿಕೊಡುತ್ತಿದ್ದರು. ಕೊನೆಯಲ್ಲಿ ಶಾಲೆಯೊಂದರಲ್ಲಿ ಪಾಠ ಮಾಡಿ ತೋರಿಸಬೇಕಿತ್ತು. ಒಪ್ಪಿಗೆಯಾದರೆ ಶಿಕ್ಷಕರ ತರಬೇತಿ, ಇಲ್ಲವಾದರೆ ಮತ್ತೆ ಗೋದಾಮು. ಅಮ್ಮನ ತೊಂದರೆ ಒಂದೇ: ಪ್ರಶ್ನೆ ಕೇಳಿದ ಉಸಿರಿನಲ್ಲೇ ಉತ್ತರವನ್ನೂ ಹೇಳಿಬಿಡುತ್ತಿದ್ದಳು. ಮರಳು ಪೂರ್ತಿ ಇಳಿಯುವವರೆಗೆ ಬಾಯಿ ತೆರೆಯಕೂಡದು ಎಂದು ಅವಳ ಅಧ್ಯಾಪಕಿ ಬ್ರಿಟಾ ಆ ಗಡಿಯಾರ ಕೊಟ್ಟಿದ್ದರು.

ಅಭ್ಯಾಸ ಮನೆಯಲ್ಲೇ ಶುರುವಾಯಿತು. "ಡಬ್ಬೀಲಿದ್ದ ಕೊನೇ ಕೋಡುಬಳೆ ಯಾರು ತಿಂದಿದ್ದು?" ಎಂದು ಕೇಳಿ ಅಮ್ಮ ಗಡಿಯಾರ ತಿರುಗಿಸಿದಳು. ಅಪ್ಪ ಮರಳನ್ನೇ ನೋಡುತ್ತ ಕೂತರು. ಅರ್ಧ ಇಳಿಯುವಷ್ಟರಲ್ಲಿ ಅವಳೇ "ನೀವೇ ತಾನೆ?" ಎಂದಳು.

"ಫೇಲ್," ಎಂದರು ಅಪ್ಪ. "ಇನ್ನೂ ಅರ್ಧ ನಿಮಿಷ ಇತ್ತು ಮೇಡಂ. ನಾನೇ ಒಪ್ಕೋತಿದ್ದೆ."

"ನೀವು ಒಪ್ಕೊಳ್ಳೋಕೆ ಒಂದು ಲೋಡ್ ಮರಳು ಬೇಕು ಕಣ್ರೀ."

ಪಾಠ ನಡೆದದ್ದು ನನ್ನದೇ ತರಗತಿಯಲ್ಲಿ. ನಾನು ಕೈ ಎತ್ತಬಾರದೆಂದು ಮೊದಲೇ ಮಾತಾಗಿತ್ತು. ಹಿಂದಿನ ಸಾಲಿನಲ್ಲಿ ಬ್ರಿಟಾ ಕೂತಿದ್ದರು. "ನನಗೆ ಅರ್ಧ ಕೇಕ್, ನಿಮಗೆ ಮೂರನೇ ಒಂದು ಭಾಗ, ಯಾರಿಗೆ ಹೆಚ್ಚು ಸಿಕ್ಕಿತು?" ಎಂದು ಅಮ್ಮ ಸ್ವೀಡಿಷ್‌ನಲ್ಲಿ ಕೇಳಿ ಗಡಿಯಾರ ತಿರುಗಿಸಿದಳು. "ಟೀಚರ್, ನಿಮಗೇ ಹೆಚ್ಚು" ಎಂದು ನಾಲ್ಕೈದು ಮಕ್ಕಳು ಒಟ್ಟಿಗೆ ಕೂಗಿದರು. ಅವಳ ಟಿಪ್ಪಣಿಯಲ್ಲಿದ್ದ ಉತ್ತರವೂ ಅಷ್ಟೇ. ಅದರ ಕಾಗುಣಿತ ತಿದ್ದಿಕೊಟ್ಟವಳು ನಾನು. 'ಸರಿ' ಎನ್ನಲು ಅವಳ ತುಟಿ ತೆರೆದದ್ದು ನನಗೆ ಕಂಡಿತು. ಮರಳು ಇನ್ನೂ ಇಳಿಯುತ್ತಿತ್ತು. ತುಟಿ ಮುಚ್ಚಿ, ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು ನಿಂತಳು. ಕೊನೆಯ ಚಿಟಿಕೆ ಮರಳು ಉಳಿದಿದ್ದಾಗ ಸಾರಾ ಎಂಬ ಹುಡುಗಿ ಕೇಳಿದಳು: "ಎರಡು ಕೇಕೂ ಒಂದೇ ಅಳತೇದಾ?"

ಅಮ್ಮ ಅವಳನ್ನೇ ನೋಡಿದಳು. "ಗೊತ್ತಿಲ್ಲ. ನೀವೇ ಹೇಳಿ," ಎಂದು ಗಡಿಯಾರವನ್ನು ಮತ್ತೆ ತಿರುಗಿಸಿದಳು. ಪಾಠ ಮುಗಿಯುವವರೆಗೂ ಕೇಕಿನ ಜಗಳ ನಡೆಯಿತು. ಬ್ರಿಟಾ ಅಲ್ಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಸಂಜೆ ಬಾಗಿಲಲ್ಲೇ ನಿಂತು, ಬೂಟನ್ನೂ ಬಿಚ್ಚದೆ ಅಪ್ಪ "ಪಾಸಾ?" ಎಂದರು. ಅಮ್ಮ ಗಡಿಯಾರ ತಿರುಗಿಸಿಟ್ಟು, ಅವರನ್ನು ಪೂರ್ತಿ ಒಂದು ನಿಮಿಷ ಕಾಯಿಸಿದಳು.

ಅಪ್ಪ ಈಗಿಲ್ಲ. ಆ ಮನೆಯಲ್ಲಿ ಬೇರೆಯವರಿದ್ದಾರೆ. ಅಮ್ಮ ಕಳೆದ ಜೂನ್‌ನಲ್ಲಿ ಶಾಲೆಯಿಂದ ನಿವೃತ್ತಳಾಗಿ, ಎರವಲು ತಂದಿದ್ದ ಗಡಿಯಾರವನ್ನು ಕಾಲೇಜಿಗೆ ಹಿಂದಿರುಗಿಸಿದಳು. ಸದ್ಯ ಅದು ಸಿರಿಯಾದಿಂದ ಬಂದ ವಿಜ್ಞಾನ ಶಿಕ್ಷಕಿಯೊಬ್ಬರ ಮನೆಯಲ್ಲಿದೆ. ಅವರ ಪಾಠ ಬರುವ ಗುರುವಾರ.