ಅಜ್ಜಿ ಕೊಟ್ಟ ಡೇಟಮ್

ಬುಕ್ಕಾಪಟ್ಟಣದ ಹತ್ತಿರ ಕುರಿಗಳ ಸರ್ವೆಗೆ ಹೋಗಿದ್ದೆ. ಕುರಿ ಎಷ್ಟಿವೆ ಎಂದು ಹಾಕದಿದ್ದರೆ ಮೊಬೈಲಿನ ಆ್ಯಪ್ ಮುಂದಿನ ಪ್ರಶ್ನೆಗೇ ಹೋಗುವುದಿಲ್ಲ. ಮಂದೆ ಕಾಯುತ್ತಿದ್ದ ಅಜ್ಜಿ ಮಾತ್ರ ಲೆಕ್ಕ ಹೇಳಲೊಲ್ಲಳು.

"ಕುರಿ ಎಣಿಸಿ ಹೇಳಬಾರ್ದು ಕಣಪ್ಪ, ದೃಷ್ಟಿ ಆಯ್ತದೆ."

"ನಮಗೆ ಡೇಟಾ ಬೇಕಲ್ಲಜ್ಜಿ."

"ಅಂಗಂದ್ರೆ ಏನ್ಲಾ?"

ಸುಮ್ಮನಿರಲಾರದೆ ಪಾಂಡಿತ್ಯ ಬಿಚ್ಚಿದೆ. "ಲ್ಯಾಟಿನ್ ಅನ್ನೋ ಹಳೇ ಭಾಷೇದು. ಡೇಟಮ್ ಅಂದ್ರೆ ಕೊಟ್ಟಿದ್ದು. ಒಂದಕ್ಕಿಂತ ಹೆಚ್ಚು ಕೊಟ್ಟರೆ ಡೇಟಾ."

"ಅಂಗಾರೆ ಕೊಟ್ಟಷ್ಟು ಇಸ್ಕೋಬೇಕು. ಒಂದು ಕೊಡ್ತೀನಿ, ಒಂದು ಮಂದೆ ಅಂತ ಬರ್ಕೋ."

ಆ್ಯಪಿಗೆ ಅಂಕಿಯೊಂದಿದ್ದರೆ ಸಾಕು. ಒಂದು ಎಂದು ಒತ್ತಿದೆ, ಮುಂದಕ್ಕೆ ಹೋಯಿತು. ಅಜ್ಜಿಯ ಹಿಂದೆ ಗುಡ್ಡದ ತುಂಬ ಕುರಿ ಮೇಯುತ್ತಿದ್ದವು.

ನಮ್ಮ ಇಡೀ ಸರ್ವೆಯಲ್ಲಿ ಯಾರಾದರೂ ಮನಸಾರೆ ಕೊಟ್ಟದ್ದು ಅಂತ ಇರುವುದು ಅದೊಂದೇ. ಮಿಕ್ಕಿದ್ದೆಲ್ಲ ನಾವು ಕಿತ್ತುಕೊಂಡು ಬಂದದ್ದು.